ಹಾಲಿನ ಬಾಡಿಗೆ

ಈವತ್ತು ಬೆಳಿಗ್ಗೆ ನನ್ನ ಮೊಮ್ಮಗಳು ಪೆಟ್ಟಿಗೆಯಿಂದ ಗಿಳಿಹಸಿರು ಸೀರೆ ಎಳೆದು ಮೈಗೆಲ್ಲ ಸುತ್ತಿಕೊಂಡು ಬಂತು ಕಣ್ರೀ. ಮುದ್ದು ಉಕ್ಕಿ ಬಾಚಿ ತಬ್ಬಿಕೊಂಡೆ. ಮೂಗಿಗೆ ಬಡಿದದ್ದು ಹಳೇ ಹಾಲಿನ ಕಮಟು. ಎಷ್ಟು ಒಗೆದರೂ ಹೋಗಿಲ್ಲ. ಹೊರಗೆ ಮಳೆ ಬೇರೆ. ಹೊಳೆ ನುಗ್ಗಿದ ವರ್ಷ ನೆನಪಾಯಿತು. ಎರಡನೇ ಕ್ಲಾಸಿಗೇ ಸ್ಲೇಟು ಒಡೆದು ಮನೆಗೆ ಬಂದವಳು ನಾನು. ಬರೆದದ್ದು ಓರೆಕೋರೆ ಆದರೂ ಓದಿ.

ಈ ಮಗು ಹುಟ್ಟೋಕೆ ಮುಂಚೆ ನಂಜನಗೂಡಿನಲ್ಲಿ ನಮ್ಮ ಮನೆ ಕಪಿಲೆ ಹೊಳೆ ಪಕ್ಕದ ತಗ್ಗಿನಲ್ಲಿತ್ತು. ಡ್ಯಾಮಿನ ನೀರು ಬಿಟ್ಟರು. ನಡುಮನೆಗೆ ಹೊಳೆ ನುಗ್ಗಿ ಮಣ್ಣಿನ ಗೋಡೆ ಕುಸೀತು. ಪಾತ್ರೆ, ದುಡ್ಡು ಎಲ್ಲ ಅದರಡಿ. ಉಳಿದದ್ದು ನಾನು, ತುಂಬಿದ ಬಸುರಿ ಮಗಳು ಸುಮ, ಹಸು ಗೌರಿ, ಒಂದು ಬಟ್ಟೆ ಗಂಟು. ಅಳಿಯ ಲಾರಿ ಓಡಿಸೋನು, ರಸ್ತೆ ಮುಳುಗಿ ದೂರದಲ್ಲೆಲ್ಲೋ ಸಿಕ್ಕಿಕೊಂಡಿದ್ದ. ಗಂಜಿ ಕೇಂದ್ರದಲ್ಲಿ ಕಾಲಿಡೋಕೆ ಜಾಗವಿಲ್ಲ. ಟೆಂಪೋದವನೊಬ್ಬ ನಮ್ಮನ್ನ ಟಿ. ನರಸೀಪುರಕ್ಕೆ ತಂದು, ಎತ್ತರದ ರಸ್ತೆಯಲ್ಲಿ ಒಂದು ಲಾಡ್ಜಿನ ಮುಂದೆ ಇಳಿಸಿದ.

ಕೆಳಗೆ ಹೋಟೆಲು, ಮೇಲೆ ರೂಮು. ಯಜಮಾನ ಮಾದಪ್ಪ ನಮ್ಮನ್ನ ನೋಡಿದ, ಗೌರಿಯನ್ನೂ ನೋಡಿದ.

“ಇದು ಲಾಡ್ಜು ಕಣಮ್ಮೋ, ಕೊಟ್ಟಿಗೆ ಅಲ್ಲ. ಬಾಡಿಗೆ ಮೊದ್ಲೇ ಕಟ್ಬೇಕು.”

“ದುಡ್ಡು ಒಳೆ ಪಾಲಾಯ್ತು ಕಣಣ್ಣ. ಎಲ್ಡೊತ್ತೂ ಹಾಲು ಕೊಡ್ತೀನಿ, ನಿನ್ ಕಾಫಿಗೆ.”

“ಒಂದೊತ್ತು ತಪ್ಪುದ್ರೂ ರೂಮು ಖಾಲಿ. ಜನ ಕಾಯ್ತಾವ್ರೆ.”

ದೊಡ್ಡದಾಗಿ ಮಾತು ಕೊಟ್ಟುಬಿಟ್ಟೆ. ಕೊಟ್ಟಮೇಲೆ ತಲೆಗೆ ಹೊಳೆಯಿತು. ಗೌರಿ ಸುಮಳ ಕೈಗೆ ಬಿಟ್ಟರೆ ಬೇರೆಯವರಿಗೆ ತೊಟ್ಟು ಹಾಲು ಇಳಿಸೋಳಲ್ಲ. ಕರುವಾಗಿದ್ದಾಗ ನಾನು ಬೈದದ್ದನ್ನ ಮರೆತೇ ಇಲ್ಲ, ನಮ್ಮತ್ತೆ ಥರ. ಹೀಗಾಗಿ ಸುಮ ಆ ಹೊಟ್ಟೆ ಹೊತ್ತುಕೊಂಡೇ ಹಿತ್ತಲ ಶೆಡ್ಡಿನಲ್ಲಿ ಕೂತು ಕರೆಯೋಳು. ಅವಳು ನಿಟ್ಟುಸಿರು ಬಿಟ್ಟಾಗಲೆಲ್ಲ ನನ್ನ ಜೀವ ಹೋಗಿ ಬರೋದು.

ಒಂದು ಮಧ್ಯಾಹ್ನ ನೋವು ಬಂತು. ಆಸ್ಪತ್ರೆಗೆ ಸೇರಿಸಿದೆ. ಸುಮ ನನ್ನ ಕೈ ಹಿಡಿದು, “ಅವ್ವಾ, ನೀ ಓಗಿ ಹಾಲು ಕರಿ. ರೂಮು ಓದ್ರೆ ಮಗೀನ ಎತ್ಕೊಂಡು ಎಲ್ಗೆ ಓಗನ?” ಅಂದಳು.

ಓಡಿ ಬಂದೆ. ಚೆಂಬು ಇಟ್ಟೆ, ಗೌರಿ ಒದ್ದಳು. ಕೈ ಮುಗಿದೆ, ಮತ್ತೆ ಒದ್ದಳು. ಕೆಚ್ಚಲು ಬಿಗಿದು ಕಲ್ಲಾಗಿತ್ತು. ಒಳಗಿನಿಂದ ಮಾದಪ್ಪ, “ಹಾಲು ಎಲ್ಲಮ್ಮೋ?” ಅಂತ ಕೂಗಿದ. ಹಸುಗೂಸು ಹಿಡಿದು ಮಳೆಯಲ್ಲಿ ನಿಂತಹಾಗೆ ಕಣ್ಣಿಗೆ ಕಟ್ಟಿತು. ಆಗ ಕಂಡಿತು, ಬೆಳಿಗ್ಗೆ ಉಟ್ಟು ಹಾಲು ಕರೆದು ಸುಮ ಬಿಚ್ಚಿ ಗೂಟಕ್ಕೆ ಹಾಕಿದ್ದ ಗಿಳಿಹಸಿರು ಸೀರೆ. ಮೈಗೆ ಸುತ್ತಿ ತಲೆ ತುಂಬ ಸೆರಗು ಹೊದ್ದೆ. ಗೌರಿ ಮೂಸಿದಳು. ಉಸಿರು ಬಿಟ್ಟಳು. ಬೆಚ್ಚಗೆ ಹಾಲು ಇಳಿಯಿತು. ಎಲ್ಲಿ ಕೈ ಗುರುತು ಹಿಡೀತಾಳೋ ಅಂತ ಪ್ರತಿ ಧಾರೆಗೂ ಭಯ.

ಮಾದಪ್ಪ ಬಂದು ನಿಂತ. “ಏನಮ್ಮೋ, ಮಗಳು ಎರಿಗೆಗೆ ಓದ್ರೆ ನೀನು ಮದುವಣಗಿತ್ತಿ ಆಗಿದ್ದೀಯಾ!”

“ಬಾಯ್ಮುಚ್ಕೊಂಡು ತಕ್ಕೊ, ಅಸ ಬೆಚ್ಚುತ್ತೆ.”

ಹೆಣ್ಣುಮಗು ಹುಟ್ಟಿ ಆ ರೂಮಿಗೇ ಬಂತು. ಅಳಿಯ ಬರೋವರೆಗೂ ನಾನು ಆ ಸೀರೆ ಬಿಚ್ಚಲಿಲ್ಲ.

ಈಗ ಹದಿನಾರು ಅನ್ನೋ ಊರಿನ ದಿಣ್ಣೆ ಮೇಲೆ ನಮ್ಮದೇ ಮನೆ. ಆದರೂ ಮಳೆ ಜೋರಾದರೆ ಬಾಗಿಲಿಗೆ ಬಂದು ಹೊಳೆ ಕಡೆ ನೋಡುತ್ತಾ ನಿಲ್ಲೋದು ನನ್ನ ಚಾಳಿ. ಈವತ್ತೂ ಹಾಗೇ ನಿಂತು ತಿರುಗಿದರೆ ಮಗು ಇಲ್ಲ! ಕೊಟ್ಟಿಗೆಗೆ ಓಡಿದೆ. ಸೀರೆ ಸುತ್ತಿಕೊಂಡೇ ಗೌರಿಯ ಹೊಟ್ಟೆ ಕೆಳಗೆ ಕೂತಿದೆ. ಒದ್ದುಬಿಟ್ಟಾಳು ಅಂತ ಎಳೆಯೋಕೆ ಬಾಗಿದೆ. ಮುದುಕಿ ಗೌರಿ ಅಲುಗಾಡದೆ ಸೆರಗು ನೆಕ್ಕುತ್ತಿದ್ದಾಳೆ. ಮಗು ಲೋಟದ ತಳದಷ್ಟು ಹಾಲು ನನ್ನ ಮುಂದೆ ಹಿಡಿಯಿತು. ಈ ಕತೆ ಕೇಳಿ ಕೇಳಿ ಅದಕ್ಕೆ ಬಾಯಿಪಾಠ.

“ಅಜ್ಜಿ, ಬಾಡಿಗೆ ಯಾರಿಗೆ ಕೊಡ್ಬೇಕು?”

“ಈ ಮನೆಗೆ ಬಾಡಿಗೆ ಇಲ್ಲ ಕಣವ್ವ. ನೀನೇ ಕುಡಿ.”

ತುಟಿ ಮೇಲೆ ಬಿಳೀ ಮೀಸೆ ಬರೋಹಾಗೆ ಕುಡಿಯಿತು. ಮಳೆ ಇನ್ನೂ ಜೋರಾಯಿತು. ನಾನು ಹೊಳೆ ಕಡೆ ತಿರುಗಲಿಲ್ಲ.