ಎರಡು ಕಾರ್ಡು, ಎರಡು ಬೊಟ್ಟು

2006ರಲ್ಲಿ ನಾನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ನಾಲ್ಕೈದು ಕಾರ್ಖಾನೆಗಳ ಕಂಪ್ಯೂಟರ್ ನೋಡಿಕೊಳ್ಳುವ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಒಂದು ಕಾರ್ಖಾನೆಯ ಲಿನಕ್ಸ್ ಸರ್ವರ್‌ನಲ್ಲಿ ಎರಡು ನೆಟ್‌ವರ್ಕ್ ಕಾರ್ಡುಗಳಿದ್ದವು. ಒಂದು ಒಳಗಿನ ಕಂಪ್ಯೂಟರುಗಳಿಗೆ, ಇನ್ನೊಂದು ಹೊರಗಿನ ಇಂಟರ್ನೆಟ್ಟಿಗೆ. ಲಿನಕ್ಸ್ ಅವನ್ನು eth0, eth1 ಎಂದು ಕರೆಯುತ್ತಿತ್ತು. ಯಾವ ಹೆಸರು ಯಾವ ಕಾರ್ಡಿನದು ಎಂಬುದು ನನಗೆ ಬಾಯಿಪಾಠ ಎಂಬ ಜಂಬ ಬೇರೆ.

ಆಯುಧಪೂಜೆಗೆ ಎಲ್ಲ ಯಂತ್ರಗಳ ಜೊತೆ ಸರ್ವರನ್ನೂ ಆರಿಸಿ, ಒರೆಸಿ ಪೂಜೆ ಮಾಡಿದ್ದರು. ರಜೆ ಮುಗಿದು ಆನ್ ಮಾಡಿದರೆ ಒಂದು ಕಂಪ್ಯೂಟರಿಗೂ ಸಂಪರ್ಕವಿಲ್ಲ. ನಾನು ಹೋಗಿ ಹಿಂಬದಿಯ ಎರಡು ವೈರುಗಳನ್ನು ಅದಲುಬದಲು ಮಾಡಿದೆ. ಎರಡೇ ನಿಮಿಷದಲ್ಲಿ ಎಲ್ಲ ಸರಿಹೋಯಿತು. "ಒರೆಸಿದವರು ವೈರನ್ನು ತಪ್ಪು ಕಡೆ ಚುಚ್ಚಿದ್ದಾರೆ," ಎಂದು ಮ್ಯಾನೇಜರಿಗೆ ಹೇಳಿಬಿಟ್ಟೆ.

ಒರೆಸಿದವರು ಜಯಮ್ಮ. ಗುತ್ತಿಗೆಯ ಮೇಲೆ ಕಸ ಗುಡಿಸುತ್ತಿದ್ದರು. ಮನೆಗೆ ಸಂಬಳ ತರುವವರು ಅವರೊಬ್ಬರೇ. "ಬೊಟ್ಟಿಟ್ಟು ಗುರ್ತು ಮಾಡ್ಕಂಡೇ ತೆಗ್ದಿದ್ದು ಸಾ. ಅಂಗೇ ಹಾಕಿವ್ನಿ," ಎಂದರು.

"ಬೊಟ್ಟು ನೋಡ್ಕೊಂಡು ಕಂಪ್ಯೂಟರ್ ಓಡಲ್ಲಮ್ಮ," ಎಂದು ನಕ್ಕೆ. ಮ್ಯಾನೇಜರೂ ನಕ್ಕರು. ಮರುದಿನದಿಂದ ಜಯಮ್ಮನಿಗೆ ಕೆಲಸವಿರಲಿಲ್ಲ.

ವಾರದ ನಂತರ, ವೈರು ಚುಚ್ಚುವ ಪೋರ್ಟುಗಳಿಗೆ ಹೆಸರಿನ ಚೀಟಿ ಅಂಟಿಸಲು ಹೋದೆ. ethtool -p eth0 ಎಂದು ಟೈಪ್ ಮಾಡಿದರೆ ಆ ಹೆಸರಿನ ಕಾರ್ಡಿನ ದೀಪ ಮಿನುಗುತ್ತದೆ. ಮೇಲಿನದು ಮಿನುಗಬೇಕಿತ್ತು, ಕೆಳಗಿನದು ಮಿನುಗಿತು. ಪ್ರತಿ ಕಾರ್ಡಿಗೂ ತಯಾರಕರೇ ಕೊಟ್ಟಿರುವ MAC ಸಂಖ್ಯೆಯನ್ನು ನನ್ನ ಹಳೆಯ ನೋಟ್‌ಬುಕ್ಕಿನೊಂದಿಗೆ ತಾಳೆ ನೋಡಿದೆ. ಅದಲುಬದಲಾಗಿದ್ದದ್ದು ವೈರುಗಳಲ್ಲ, ಕಾರ್ಡುಗಳ ಹೆಸರುಗಳು. ಹಬ್ಬಕ್ಕೆ ಮುಂಚೆ ಹೊಸ ಕರ್ನಲ್, ಅಂದರೆ ಲಿನಕ್ಸಿನ ಮೂಲ ಭಾಗ, ಹಾಕಿದ್ದವನು ನಾನೇ. ಪೂಜೆಗೆ ಆರಿಸಿ ಮತ್ತೆ ಆನ್ ಮಾಡಿದಾಗ ಅದು ಕಾರ್ಡುಗಳನ್ನು ಬೇರೆ ಕ್ರಮದಲ್ಲಿ ಎಣಿಸಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮಾಡಿದ್ದು ಅದೇ.

ಟಾರ್ಚ್ ಹಾಕಿ ಹಿಂಬದಿ ನೋಡಿದೆ. ಒಂದು ಪೋರ್ಟಿನ ಪಕ್ಕ ಅರಿಶಿನದ ಬೊಟ್ಟು, ಇನ್ನೊಂದರ ಪಕ್ಕ ಕುಂಕುಮ. ವೈರುಗಳ ತುದಿಗೂ ಹಾಗೆಯೇ. ಈಗ ಅರಿಶಿನದ ವೈರು ಕುಂಕುಮದ ಪೋರ್ಟಿನಲ್ಲಿತ್ತು. ಹಾಗೆ ಚುಚ್ಚಿದ್ದು ನಾನು. ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ; ನಮ್ಮ ಸರ್ವಿಸ್ ಒಪ್ಪಂದ ನವೀಕರಿಸುವ ತಿಂಗಳು ಅದು. ಒದ್ದೆ ಬಟ್ಟೆಯಿಂದ ಬೊಟ್ಟುಗಳನ್ನು ಒರೆಸಿ, ಚೀಟಿ ಅಂಟಿಸಿ ಬಂದೆ.

ಮೂರು ತಿಂಗಳ ಮೇಲೆ ಹಾರೋಹಳ್ಳಿ ಬಸ್ ಸ್ಟಾಪಿನಲ್ಲಿ ಜಯಮ್ಮ ಎದುರಾದರು. ಕೆಲಸ ಕೇಳಿಕೊಂಡು ಕನಕಪುರಕ್ಕೆ ಹೊರಟಿದ್ದರು. "ನೀವು ಸರಿಯಾಗೇ ಹಾಕಿದ್ರಿ ಜಯಮ್ಮ. ತಪ್ಪು ನಂದು," ಎಂದೆ.

"ನಂಗೊತ್ತಿತ್ತು ಕಣಪ್ಪ. ಅದ್ನ ಅಲ್ಲಿ ಏಳ್ಬೇಕಿತ್ತು ನೀನು," ಎಂದು ಬಸ್ಸು ಹತ್ತಿದರು.

ಆಮೇಲೆ ನನ್ನ ಕೈಕೆಳಗೆ ಬಂದವರಿಗೆಲ್ಲ ಹೇಳಿದ್ದೇನೆ: ಊಹೆ ಬೇಡ, ಮೊದಲು ದೀಪ ಮಿನುಗಿಸಿ ಕಾರ್ಡ್ ಗುರುತಿಸಿ, ಬೆರಳು ತೋರಿಸುವುದು ಆಮೇಲೆ. ಬೊಟ್ಟು ಒರೆಸಿದ ವಿಷಯ ಮಾತ್ರ ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.