ಎಡಗಡೆಯ ಗೆರೆ

ಮೊಮ್ಮಕ್ಕಳೇ, ಅಫ್ರೀನ್, ಜುನೈದ್, ನಮ್ಮ ಬಿಲ್ಡಿಂಗಿನ ಮೆಟ್ಟಿಲಿಗೆ ಇವತ್ತು ಸುಣ್ಣ ಬಳಿಯುತ್ತಿದ್ದಾರೆ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕುರ್ಲಾದ ಚಾಳಿನಲ್ಲಿದ್ದೆ. ಊರಿನ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿ ಆಗಷ್ಟೇ ಮುಂಬಯಿಗೆ ಬಂದಿದ್ದೆ. ಯಾರೆದುರೂ ಬಾಯಿ ಬಿಡದ ಹುಡುಗಿ. ನನ್ನ ಅಬ್ಬಾ ಬಡಗಿ. ಬಾಂದ್ರಾದ ಹಳೆಯ ಚರ್ಚೊಂದರಲ್ಲಿ ಕಿಟಕಿಯ ಮೇಲಿನ ಕಮಾನು ಸಡಿಲವಾಗಿತ್ತು. ಕಲ್ಲುಗಳನ್ನು ಬಿಚ್ಚಿ ಮತ್ತೆ ಕೂರಿಸುವವರೆಗೆ ಅಡಿಯಿಂದ ಹೊರಲು ಅದೇ ಆಕಾರದ ಮರದ ಚೌಕಟ್ಟು ಬೇಕಿತ್ತು. ಅದು ಸರಿಯಾಗಿ ಕೂಡದಿದ್ದರೆ ಅಬ್ಬಾನ ಕೆಲಸ ಹೋಗುತ್ತಿತ್ತು, ನಾವೆಲ್ಲ ಊರಿಗೆ ಮರಳಬೇಕಿತ್ತು.

ಅಬ್ಬಾ ಚಾಳಿನ ಓಣಿಯ ನೆಲದ ಮೇಲೆಯೇ ಕಮಾನನ್ನು ಪೂರ್ತಿ ಅಳತೆಗೆ ಬರೆದರು. ಕಿಟಕಿಯ ಅಗಲದಷ್ಟೇ ಉದ್ದದ ದಾರ. ಅದರ ತುದಿಯನ್ನು ನಾನು ಬಲ ಮೂಲೆಯಲ್ಲಿ ಒತ್ತಿ ಹಿಡಿದೆ. ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ಅವರು ಎಡ ಮೂಲೆಯಿಂದ ಮೇಲಕ್ಕೆ ಬಾಗಿಸಿ ಎಳೆದರು. ಆಮೇಲೆ ಎಡ ಮೂಲೆಯಲ್ಲಿ ಹಿಡಿದೆ, ಬಲದಿಂದ ಎಳೆದರು. ಎರಡೂ ಗೆರೆಗಳು ನೆತ್ತಿಯಲ್ಲಿ ಚೂಪಾಗಿ ಕೂಡಿದಾಗ ಖುಷಿಗೆ ಕುಣಿದುಬಿಟ್ಟೆ!

ಪಕ್ಕದ ಖೋಲಿಯ ಸುಮತಿ ಅಕ್ಕ ಉಡುಪಿ ಕಡೆಯವರು. "ಎಂಥ ಮಿಸ್ತ್ರಿ, ಇನ್ನು ನಾವು ಹಾರಿಕೊಂಡು ಹೋಗುವುದಾ?" ಎಂದರು.

"ಒಂದ ದಿನ ಹಾರ್ರಿ ಅಕ್ಕಾರ, ಮೈ ಹಗುರಾಕ್ಕೈತಿ," ಎಂದರು ಅಬ್ಬಾ.

ನನ್ನನ್ನು ಕಾವಲಿಗಿಟ್ಟು ಅವರು ಹಲಗೆ ತರಲು ಹೋದರು. ಸುಮತಿ ಅಕ್ಕ ಎರಡೂ ಕೈಯಲ್ಲಿ ಕೊಡ ಹಿಡಿದು ಬಂದರು. ತುಳಿಯಬೇಡಿ ಎನ್ನುವ ಬದಲು ನಾನು ಗೋಡೆಗೆ ಸರಿದು ದಾರಿ ಬಿಟ್ಟೆ. ನೀರು ಚೆಲ್ಲಿ ಎಡಗಡೆಯ ಗೆರೆ ಪೂರ್ತಿ ತೊಳೆದುಹೋಯಿತು. ಲಂಗದಿಂದ ನೆಲ ಒರೆಸಿದೆ. ದಾರದ ತುದಿಯನ್ನು ಬಲ ಮೂಲೆಯಲ್ಲಿ ಕಾಲ ಹೆಬ್ಬೆರಳಿನಿಂದ ಮೆಟ್ಟಿ, ಬಗ್ಗಿ, ಉಸಿರು ಹಿಡಿದು ಎಳೆದೆ. ಕೂಡಿತು! ಯಾರಿಗೂ ಹೇಳಲಿಲ್ಲ.

ಚೌಕಟ್ಟನ್ನು ಏರಿಸುವ ದಿನ ನಾನೂ ಚರ್ಚಿಗೆ ಹೋದೆ. ಚೌಕಟ್ಟು ಕಲ್ಲಿನಡಿ ಸರಿದು ಕೂಡಿಕೊಂಡಿತು, ಒಂದು ಎಳೆ ಸಂದೂ ಇಲ್ಲದೆ. ಆಗ ಕತ್ತೆತ್ತಿ ನೋಡಿದೆ. ಬಾಗಿಲು, ಕಿಟಕಿ, ಮುಗಿಲೆತ್ತರದ ಚಾವಣಿ, ಎಲ್ಲೆಲ್ಲೂ ಅದೇ ಎರಡು ಬಾಗು! ಮೂರು ವೃತ್ತ ಸೇರಿ ಮೂರೆಸಳಿನ ಕಿಂಡಿ! ಅಷ್ಟು ದೊಡ್ಡ ಕಟ್ಟಡದ ಗುಟ್ಟು ನನಗೆ ಗೊತ್ತಿತ್ತು, ಒಂದು ದಾರ.

ಅಬ್ಬಾ ಬಗ್ಗಿ ಮೆಲ್ಲಗೆ ಅಂದರು: "ಎಡಗಡಿ ಗೆರಿ ನಿಂದ ಹೌದಿಲ್ಲೋ ಬೇಟಿ? ನನ್ನ ಕೈಗೆ ಅಷ್ಟು ತೆಳ್ಳಗ ಬರಂಗಿಲ್ಲ. ದಾರ ಹಿಡಿದು ನೋಡಿನಿ, ಫರಕ್ ಇರಲಿಲ್ಲ. ಅದಕ್ಕ ಹಲಗಿ ಹಂಗ ಕೊಯ್ದೆ."

ಚಾಳು ಹೋಯಿತು. ಸುಮತಿ ಅಕ್ಕ, ಅಬ್ಬಾ, ಇಬ್ಬರೂ ಇಲ್ಲ. ನನ್ನ ಗಂಡನಾದ ನಿಮ್ಮ ದಾದಾಗೂ ನಾನಿದನ್ನು ಹೇಳಿರಲಿಲ್ಲ, ನಾಚಿಕೆ. ಮರದ ಚೌಕಟ್ಟನ್ನು ಕಲ್ಲು ಕೂರಿಸಿದ ಮೇಲೆ ಬಿಚ್ಚಿದರು; ಕಲ್ಲುಗಳು ಇಂದಿಗೂ ಆ ಗೆರೆಯಲ್ಲೇ ನಿಂತಿವೆ. ಅದನ್ನು ಎಳೆದವಳು ಯಾರೆಂದು ಅವು ಹೇಳುವುದಿಲ್ಲ. ಈ ಹಾಳೆಗಳು ಮಾತ್ರ ಹೇಳುತ್ತವೆ ಮಕ್ಕಳೇ, ಜೋಪಾನವಾಗಿಡಿ.