ಬಾಗಲದಾಗ ನಿಲ್ಲಬ್ಯಾಡ್ರಿ

ಪೊಲೀಸ್ ನೇಮಕಾತಿಯ ಬಗ್ಗೆ ತಿಳಿಸಲು ನಮ್ಮ ಕಮಲಾಪುರದ ಕಾಲೇಜಿಗೆ ಕಲಬುರಗಿಯಿಂದ ಒಬ್ಬ ಮಹಿಳಾ ಪಿಎಸ್‌ಐ ಬರುತ್ತಿದ್ದರು. ಭಾಷಣ ಅವರಿಗೆ ಒಗ್ಗುತ್ತಿರಲಿಲ್ಲ. ಪ್ರಿನ್ಸಿಪಾಲರು ಇಡಿಸಿದ ಮೈಕನ್ನು ಮುಟ್ಟದೆ, ಟೋಪಿ ತೆಗೆದು ಮೇಜಿನ ಮೇಲಿಟ್ಟು, ನಮ್ಮ ಬೆಂಚಿನ ತುದಿಯಲ್ಲೇ ಕೂತುಬಿಡುತ್ತಿದ್ದರು. ಹೊರಗಿನಿಂದ ಇಣುಕುವವರಿಗೆಲ್ಲ ಒಂದೇ ಮಾತು: “ಬಾಗಲದಾಗ ನಿಲ್ಲಬ್ಯಾಡ್ರಿ, ಒಳಗ ಬರ್ರಿ.” ಓಟದ ಪರೀಕ್ಷೆ ಗೆಲ್ಲಬಲ್ಲ ಹುಡುಗಿಯರನ್ನು ಕಣ್ಣಲ್ಲೇ ಅಳೆದು, “ನೀ ಓಡ್ತಿ ನೋಡು” ಅನ್ನುತ್ತಿದ್ದರು. ನನ್ನ ಗೆಳತಿಗೂ ಹಾಗೆಯೇ ಅಂದಿದ್ದರು.

ಮುಂದಿನ ಸಲ ಅವರು ಬಂದಾಗ, ಪೊಲೀಸರು ಮಗಳನ್ನು ಕೂರಿಸಿಕೊಂಡು ಮಾತಾಡುತ್ತಿದ್ದಾರೆಂದು ಯಾರೋ ಗೆಳತಿಯ ಅಪ್ಪನಿಗೆ ಹೇಳಿದರು. ಅವರು ಬಾಳೆತೋಟದ ಕೂಲಿ ಬಿಟ್ಟು ಓಡಿಬಂದರು. ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲಲ್ಲೇ ಕೈಮುಗಿದು ನಿಂತರು.

“ನನ್ನ ಮಗಳು ಏನ್ ತಪ್ಪ ಮಾಡ್ಯಾಳ್ರಿ?”

ನಾವೆಲ್ಲ ನಕ್ಕೆವು. ಮೇಡಂ ನಗಲಿಲ್ಲ.

“ಕಾಕಾ, ಬಾಗಲದಾಗ ನಿಲ್ಲಬ್ಯಾಡ್ರಿ, ಒಳಗ ಬರ್ರಿ. ಆಕಿ ಏನೂ ಮಾಡಿಲ್ಲ. ಪೊಲೀಸ್ ಆಗ್ತೀ ಏನು ಅಂತ ಕೇಳಾಕತ್ತೀನಿ, ಅಷ್ಟೇ” ಎಂದು ತಾವೇ ಕುರ್ಚಿ ತಂದು ತಮ್ಮ ಪಕ್ಕದಲ್ಲಿ ಹಾಕಿದರು.

ಗೆಳತಿಯ ಅಪ್ಪ ಒಳಗೆ ಬಂದರು, ಕೂರಲಿಲ್ಲ. “ಬ್ಯಾಡ್ರಿ ಮೇಡಂ. ಪೊಲೀಸರ ಮುಂದ ನಾವು ಎಂದೂ ಕುರ್ಚಿ ಮ್ಯಾಲ ಕುಂತೋರಲ್ಲ.”

“ಅದಕ್ಕ ನಿಮ್ಮ ಮಗಳು ಬೇಕಾಗ್ಯಾಳ್ರಿ.”

ಅವರು ಮಗಳ ಮುಖ ನೋಡಿದರು. ಮೇಡಂ ಕುರ್ಚಿಯ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. ಕೊನೆಗೆ ಅಪ್ಪ ಕುರ್ಚಿಯ ಅಂಚಿಗೆ ಕೂತು, ಮೆಲ್ಲಗೆ ಕೇಳಿದರು:

“ಎಷ್ಟು ದೂರ ಓಡಬೇಕಾಗ್ತದರೀ ಆಕಿ?”